ರೋಲ್ಸ್ ರಾಯ್ಸ್ ಲೇತ್ ಮತ್ತು ಅಪ್ಪನ ಎಮ್ಮೆ

ಐದನೇ ಸೆಮಿಸ್ಟರ್‌ನ ಟೆಕ್ನಿಕಲ್ ಸೆಮಿನಾರ್. ಲೇತ್ ಯಂತ್ರಗಳು ಬೆಳೆದು ಬಂದ ದಾರಿ ನನ್ನ ವಿಷಯ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಗ್ಲಿಷ್‌ನಲ್ಲಿ ಮಾತನಾಡಬೇಕೆಂದರೆ ಹಿಂದಿನ ರಾತ್ರಿಯೇ ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳುತ್ತೇನೆ. ಅವತ್ತೂ ಹಾಗೆಯೇ ಮಾಡಿದ್ದೆ. ಆರು ಸ್ಲೈಡ್ ಸರಾಗವಾಗಿ ಮುಗಿದವು. ಏಳನೆಯದರಲ್ಲಿ ಹಳೆಯ ಲೇತ್ ಒಂದರ ಚಿತ್ರ ತೋರಿಸಿ, ‘ಇದನ್ನು ತಯಾರಿಸಿದ್ದು ರೋಲ್ಸ್ ರಾಯ್ಸ್ ಕಂಪನಿ’ ಎಂದುಬಿಟ್ಟೆ.

ಹಿಂದಿನ ಬೆಂಚಿನಿಂದ ಗೆಳೆಯನೊಬ್ಬ, ‘ಲೇತ್ ಮುಂದೆ ಆ ರೆಕ್ಕೆಯ ಬೊಂಬೆನೂ ಇತ್ತೇನೋ?’ ಎಂದ. ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು. ಸರ್ ಮಾತ್ರ ನಗಲಿಲ್ಲ. ಎಲ್ಲಿ ಓದಿದ್ದು ಎಂದು ಕೇಳಿದರು. ಮೊಬೈಲ್‌ನಲ್ಲಿದ್ದ ಲೇಖನ ತೋರಿಸಿದೆ. ಆ ಯಂತ್ರವನ್ನು ಅದರಲ್ಲಿ ‘ಲೇತ್‌ಗಳ ರೋಲ್ಸ್ ರಾಯ್ಸ್’ ಎಂದು ಕರೆದಿದ್ದರು. ‘ಇದು ತಯಾರಕರ ಹೆಸರಲ್ಲಪ್ಪಾ, ಹೊಗಳಿಕೆ. ಲೇತ್‌ಗಳಲ್ಲೇ ಶ್ರೇಷ್ಠ ಅಂತ ಅರ್ಥ’ ಎಂದರು ಸರ್.

ಅಂದಿನಿಂದ ಹಾಸ್ಟೆಲ್‌ನಲ್ಲಿ ನನ್ನ ಹೆಸರು ‘ರೋಲ್ಸ್’. ನಗುವುದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಆಮೇಲೆ ಎರಡು ವಾರ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಲೂ ನನ್ನಿಂದ ಆಗಲಿಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್ ಬರುತ್ತದೆ. ಪದಗಳ ಅರ್ಥವನ್ನು ಡಿಕ್ಷನರಿಯಲ್ಲಿ ಹುಡುಕಬಹುದು. ಕಾರಿನ ಹೆಸರು ಹೊಗಳಿಕೆಯ ಮಾತಾಗುತ್ತದೆ ಎಂಬುದನ್ನು ಎಲ್ಲಿ ಹುಡುಕಲಿ? ಹುಡುಕಬೇಕೆಂದೇ ಗೊತ್ತಿಲ್ಲದಿದ್ದರೆ?

ಕೊನೆಗೆ ಹಟಕ್ಕೆ ಬಿದ್ದು ಆ ಹೆಸರಿನ ಹಿಂದೆ ಹೋದೆ. ಹೆನ್ರಿ ರಾಯ್ಸ್ ಹುಟ್ಟಿದ್ದು 1863ರಲ್ಲಿ, ಬಡತನದಲ್ಲಿ. ಹುಡುಗನಾಗಿದ್ದಾಗ ಪೇಪರ್ ಮಾರಿದ, ಟೆಲಿಗ್ರಾಂ ಹಂಚಿದ. ಶಾಲೆಗೆ ಹೋಗಿದ್ದು ತೀರಾ ಕಡಿಮೆ. ಚಾರ್ಲ್ಸ್ ರೋಲ್ಸ್ ಶ್ರೀಮಂತ ಮನೆತನದವನು, ಲಂಡನ್ನಿನಲ್ಲಿ ಕಾರು ಮಾರುತ್ತಿದ್ದವನು. 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲ್‌ನಲ್ಲಿ ಇಬ್ಬರೂ ಭೇಟಿಯಾದರು. ರಾಯ್ಸ್ ಮಾಡಿದ ಕಾರುಗಳನ್ನು ರೋಲ್ಸ್ ಮಾರುವುದೆಂದು ಮಾತಾಯಿತು. 1907ರಲ್ಲಿ ಅವರ ಸಿಲ್ವರ್ ಘೋಸ್ಟ್ ಸುಮಾರು 15 ಸಾವಿರ ಮೈಲಿಗಳ ಪರೀಕ್ಷಾ ಓಟ ಮುಗಿಸಿತು. ಜಗತ್ತಿನ ಅತ್ಯುತ್ತಮ ಕಾರು ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪನ್ನು ಸಹಿಸದ ರಾಯ್ಸ್, ದೊಡ್ಡ ಹೆಸರು ಬಂದ ಮೇಲೂ ತನ್ನನ್ನು ಮೆಕ್ಯಾನಿಕ್ ಎಂದೇ ಕರೆದುಕೊಳ್ಳುತ್ತಿದ್ದನಂತೆ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಅಲ್ಲಿಗೆ ಅರ್ಧ ಬೇಸರ ಕಳೆಯಿತು.

ಮುಂದೆ ಜೆಟ್ ಎಂಜಿನ್ ಒಂದರ ಅಭಿವೃದ್ಧಿಗೆ ಮಿತಿಮೀರಿ ಖರ್ಚಾಗಿ 1971ರಲ್ಲಿ ಆ ಕಂಪನಿ ದಿವಾಳಿಯಾಯಿತು. ಬ್ರಿಟಿಷ್ ಸರ್ಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು. ಈಗ ಆ ಹೆಸರಿನ ಕಾರು ಮಾಡುವುದು ಬಿಎಂಡಬ್ಲ್ಯು ಒಡೆತನದ ಕಂಪನಿ. ವಿಮಾನದ ಎಂಜಿನ್ ಮಾಡುವ ರೋಲ್ಸ್ ರಾಯ್ಸ್ ಬೇರೆಯೇ. ಕಂಪನಿ ಮುಳುಗಿದರೂ ಮಾತು ಮುಳುಗಲಿಲ್ಲ. ಇಂಗ್ಲಿಷ್‌ನವರು ಇಂದಿಗೂ ಒಳ್ಳೆಯ ಪೆನ್ನನ್ನು, ತಳ್ಳುವ ಮಗುವಿನ ಗಾಡಿಯನ್ನು ಕೂಡ ಅದರ ಜಾತಿಯ ರೋಲ್ಸ್ ರಾಯ್ಸ್ ಎಂದು ಹೊಗಳುತ್ತಾರೆ.

ಅಮೆರಿಕದಲ್ಲಿ ಈ ಜಾಗದಲ್ಲಿ ಹೆಚ್ಚಾಗಿ ಕೂರುವುದು ಕ್ಯಾಡಿಲಾಕ್. ಅಲ್ಲಿ 2010ರಲ್ಲಿ ಬಂದ ಆರೋಗ್ಯ ಕಾಯ್ದೆಯಲ್ಲಿ, ದುಬಾರಿ ಆರೋಗ್ಯ ವಿಮೆಗಳ ಮೇಲೆ ಶೇ 40ರಷ್ಟು ತೆರಿಗೆ ಹಾಕುವ ಪ್ರಸ್ತಾಪವಿತ್ತು. ಜನ ಅದನ್ನು ಕರೆದದ್ದು ‘ಕ್ಯಾಡಿಲಾಕ್ ಟ್ಯಾಕ್ಸ್’ ಎಂದು. ಕಾರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ! 2019ರಲ್ಲಿ ಅದು ರದ್ದಾಯಿತು. ನಾನು ಅದರ ಬಗ್ಗೆ ಸೆಮಿನಾರ್ ಕೊಟ್ಟಿದ್ದರೆ ಕಾರಿನ ಮೇಲಿನ ತೆರಿಗೆ ಎಂದೇ ಹೇಳಿರುತ್ತಿದ್ದೆ.

ಹೆಸರು ಬೈಗುಳವಾಗುವುದೂ ಉಂಟು. ಫೋರ್ಡ್ ಕಂಪನಿ 1957ರಲ್ಲಿ ಭಾರೀ ಪ್ರಚಾರದೊಂದಿಗೆ ಎಡ್ಸೆಲ್ ಎಂಬ ಕಾರು ತಂದಿತು. ಅದು ಹೆನ್ರಿ ಫೋರ್ಡ್ ಮಗನ ಹೆಸರು. ಕಾರು ಓಡಲಿಲ್ಲ. 1959ರಲ್ಲೇ ನಿಲ್ಲಿಸಿದರು. ಆಮೇಲೆ ಅಬ್ಬರದಿಂದ ಬಂದು ಮಕಾಡೆ ಮಲಗಿದ ಯಾವುದೇ ಸರಕಿಗೆ ಅಮೆರಿಕದವರು ಎಡ್ಸೆಲ್ ಎನ್ನತೊಡಗಿದರು. ಅಷ್ಟರಲ್ಲಿ ಆ ಮಗ ತೀರಿಕೊಂಡು ವರ್ಷಗಳೇ ಆಗಿದ್ದವು. ಪಾಪ, ಅವನೇನು ಮಾಡಿದ್ದ?

ಇನ್ನು ಜೀಪ್. ಎರಡನೇ ಮಹಾಯುದ್ಧದ ಹೊತ್ತಿಗೆ ಬಂದ ಈ ಹೆಸರು ಇವತ್ತಿಗೂ ಒಂದು ಕಂಪನಿಯ ಟ್ರೇಡ್‌ಮಾರ್ಕ್. ಆದರೆ ಇಂಗ್ಲಿಷ್‌ನಲ್ಲಿ ಜನ ಅದನ್ನು ಸಣ್ಣಕ್ಷರದಲ್ಲಿ ಬರೆದು, ಆ ಥರದ ಎಲ್ಲ ಗಾಡಿಗಳಿಗೂ ಬಳಸುತ್ತಾರೆ. ನಾವೇನು ಕಡಿಮೆಯೇ? ಊರಿಗೆ ಪೊಲೀಸರು ಯಾವ ಗಾಡಿಯಲ್ಲಿ ಬಂದರೂ ‘ಜೀಪ್ ಬಂತು’ ಎನ್ನುತ್ತೇವೆ. ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದಾದರೂ ನಮಗೆ ಜೆಸಿಬಿಯೇ.

ಇಷ್ಟೆಲ್ಲ ಓದಿಕೊಂಡು ರಜೆಗೆ ಊರಿಗೆ ಹೋದೆ. ನಮ್ಮದು ಹಾವೇರಿ ಕಡೆಯ ಹಳ್ಳಿ. ಸಂಜೆ ಅಪ್ಪ ಹಾಲು ಕರೆಯುತ್ತಿದ್ದ. ಪಕ್ಕದ ಮನೆಯವರು ಬಂದು ಎಮ್ಮೆಯ ಬಗ್ಗೆ ಏನೋ ಕೇಳಿದರು. ಅಪ್ಪ ಎಂದಿನಂತೆ, ‘ಇದು ಎಮ್ಮಿ ಅಲ್ಲೋ, ಅಂಬಾಸಿಡರ್ ಐತಿ ನೋಡು! ಏನ್ ಹಾಕಿದ್ರೂ ತಿಂತೈತಿ, ಎಂಥಾ ಮಳಿ ಬಂದ್ರೂ ಜಗ್ಗಂಗಿಲ್ಲ’ ಎಂದ.

ನಾನು ನಿಂತಲ್ಲೇ ನಿಂತೆ. ಈ ಮಾತನ್ನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿಲ್ಲ! ಎಮ್ಮೆಗೆ ನಾಲ್ಕು ಚಕ್ರ ಎಲ್ಲಿವೆ ಎಂದು ನಾನಾಗಲಿ ಆ ಪಕ್ಕದ ಮನೆಯವರಾಗಲಿ ಎಂದಾದರೂ ಹುಡುಕಿದ್ದೇವೆಯೇ? ಅಪ್ಪ ಅಂಬಾಸಿಡರ್ ಕೊಂಡವನಲ್ಲ, ಮದುವೆ ದಿಬ್ಬಣದಲ್ಲಿ ಕೂತಿದ್ದಿರಬಹುದು ಅಷ್ಟೇ. ಆದರೂ ಅದು ಅವನ ಅಳತೆಗೋಲು. ಇಂಗ್ಲಿಷ್ ಲೇಖಕ ಲೇತ್‌ಗೆ ಮಾಡಿದ್ದನ್ನೇ ನಮ್ಮಪ್ಪ ಎಮ್ಮೆಗೆ ಮಾಡಿದ್ದ. ಕೊಟ್ಟಿಗೆಯಲ್ಲಿ ಸಲೀಸಾಗಿ ಅರ್ಥವಾದದ್ದು ಸೆಮಿನಾರ್ ಹಾಲ್‌ನಲ್ಲಿ ಅರ್ಥವಾಗಿರಲಿಲ್ಲ. ನನಗೆ ಗೊತ್ತಿಲ್ಲದಿದ್ದದ್ದು ಒಂದು ಊರಿನ ಕಾರು ಮಾತ್ರ. ಅಷ್ಟಕ್ಕೇ ನನಗೆ ಭಾಷೆಯೇ ಬಾರದು ಎಂದುಕೊಂಡು ಬಾಯಿ ಮುಚ್ಚಿದ್ದೆ.

ಸೆಮಿನಾರ್ ಕಥೆ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿ, ‘ಅಲ್ಲೋ ತಮ್ಮಾ, ರೋಲ್ಸ್ ರಾಯ್ಸ್ ಅಂದ್ರ ಅವರ ಊರಿನ ಅಂಬಾಸಿಡರ್ ಏನು?’ ಎಂದ. ಪೂರ್ತಿ ಹೌದೆನ್ನಲಾಗದು. ಅವರದು ನಾಜೂಕಿನ ಅಳತೆ, ನಮ್ಮದು ಗಟ್ಟಿತನದ್ದು. ಆದರೂ ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ.

ರಜೆ ಮುಗಿಸಿ ಬಂದ ಮೇಲೆ, ಕ್ಲಾಸಿನಲ್ಲಿ ಅರ್ಥವಾಗದ ಮಾತು ಬಂದರೆ ಕೈ ಎತ್ತಿ ಕೇಳುತ್ತಿದ್ದೇನೆ. ಮೊನ್ನೆ ಕೇಳಿದಾಗ ಹಿಂದಿನ ಬೆಂಚಿನವನೇ ಮೆಲ್ಲಗೆ, ‘ನಂಗೂ ಗೊತ್ತಿರ್ಲಿಲ್ಲ ಕಣೋ’ ಎಂದ. ‘ರೋಲ್ಸ್’ ಎಂದು ಕರೆದರೆ ಈಗ ಬೇಜಾರಿಲ್ಲ, ಅದು ಹೊಗಳಿಕೆ ತಾನೇ?

ಅಂದಹಾಗೆ, ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಅದು ಇನ್ನೂ ಎರಡು ಹೊತ್ತು ಹಾಲು ಕೊಡುತ್ತಿದೆ.