ಪರೀಕ್ಷೆಯನ್ನೇ ಪರೀಕ್ಷಿಸಿದ ಪ್ರಾಧ್ಯಾಪಕ

ಶಿಕ್ಷಕ ತರಬೇತಿ ಪಡೆದವರಲ್ಲಿ ಬ್ಲೂಮ್ ಎಂಬ ಹೆಸರನ್ನು ಉತ್ತರಪತ್ರಿಕೆಯಲ್ಲಿ ಬರೆಯದವರು ವಿರಳ. ಪಾಠಯೋಜನೆಯಲ್ಲಿ ‘ಜ್ಞಾನ, ತಿಳಿವಳಿಕೆ, ಅನ್ವಯ’ ಎಂದು ಉದ್ದೇಶಗಳನ್ನು ತುಂಬುವ ವಾಡಿಕೆಯ ಮೂಲ ಅವರ ಗ್ರಂಥವೇ. ಆದರೆ ಆ ವ್ಯಕ್ತಿಯ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಆಗಲೇ ಇಲ್ಲ.

ಬೆಂಜಮಿನ್ ಬ್ಲೂಮ್ ಹುಟ್ಟಿದ್ದು 1913ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದ ಲ್ಯಾನ್ಸ್‌ಫರ್ಡ್ ಎಂಬ ಕಲ್ಲಿದ್ದಲ ಗಣಿಯೂರಿನಲ್ಲಿ. ತಂದೆತಾಯಿ ರಷ್ಯದಿಂದ ವಲಸೆ ಬಂದ ಯಹೂದ್ಯರು. ಬಾಲಕ ಬ್ಲೂಮ್ ಗ್ರಂಥಾಲಯದಿಂದ ಒಯ್ದ ಪುಸ್ತಕಗಳನ್ನು ಅದೇ ದಿನ ಮರಳಿಸಲು ಹೋದರೆ ಗ್ರಂಥಪಾಲಕಿ ಒಪ್ಪುತ್ತಿರಲಿಲ್ಲವಂತೆ. ಹುಡುಗ ನಿಜವಾಗಿಯೂ ಓದಿ ಮುಗಿಸಿದ್ದಾನೆಂದು ಹೆತ್ತವರೇ ಆಕೆಯನ್ನು ನಂಬಿಸಬೇಕಾಯಿತು.

1935ರಲ್ಲಿ ಪೆನ್ಸಿಲ್ವೇನಿಯ ಸ್ಟೇಟ್‌ನಲ್ಲಿ ಸ್ನಾತಕೋತ್ತರ ಪದವಿ, 1942ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಡಾಕ್ಟರೇಟ್. ಅಲ್ಲಿ ಅವರ ಗುರು ರಾಲ್ಫ್ ಟೈಲರ್. ಮುಂದೆ ಅದೇ ವಿಶ್ವವಿದ್ಯಾಲಯದ ಪರೀಕ್ಷಾಧಿಕಾರಿಯಾಗಿ ಬ್ಲೂಮ್ 1959ರವರೆಗೆ ದುಡಿದರು. ಬಾಯಿಪಾಠವನ್ನು ಅಳೆಯುವ ಪ್ರಶ್ನೆಗೂ ಆಲೋಚನೆಯನ್ನು ಅಳೆಯುವ ಪ್ರಶ್ನೆಗೂ ಇರುವ ಅಂತರ ಅವರಿಗೆ ದಿನನಿತ್ಯದ ಕೆಲಸವೇ ಆಗಿತ್ತು. ಸಂಗಡಿಗರೊಡನೆ ಅವರು 1956ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಜ್ಞಾನದಿಂದ ಮೌಲ್ಯಮಾಪನದವರೆಗೆ ಆರು ಹಂತಗಳಿವೆ. ಮರುವರ್ಷವೇ ಅವರು ಭಾರತಕ್ಕೆ ಬಂದು, ಪರೀಕ್ಷಾ ಸುಧಾರಣೆಗಾಗಿ ಅಧ್ಯಾಪಕರ ಕಮ್ಮಟಗಳನ್ನು ನಡೆಸಿದರು. 1958ರಲ್ಲಿ ನಮ್ಮಲ್ಲಿ ಕೇಂದ್ರ ಪರೀಕ್ಷಾ ಘಟಕ ಸ್ಥಾಪನೆಯಾಯಿತು. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಸಿದ್ಧಪಡಿಸುವ ಕ್ರಮ ಬೇರೂರಿದ್ದು ಆ ಬಳಿಕ.

ಆದರೆ ನಮಗೆ ಹಿರಿದಾಗಿ ತೋರುವುದು ಅವರು 1968ರಲ್ಲಿ ಮಂಡಿಸಿದ ‘ಪ್ರಭುತ್ವ ಕಲಿಕೆ’ಯ ವಿಚಾರ. ಎಲ್ಲರಿಗೂ ಒಂದೇ ಪಾಠ, ಒಂದೇ ಅವಧಿ ಕೊಟ್ಟು, ಬಳಿಕ ಮಕ್ಕಳನ್ನು ಜಾಣರು, ದಡ್ಡರು ಎಂದು ವಿಂಗಡಿಸುವುದು ನ್ಯಾಯವೇ? ಬ್ಲೂಮರ ದಾರಿ ಬೇರೆ. ಪಾಠವನ್ನು ಚಿಕ್ಕ ಘಟಕಗಳಾಗಿ ಒಡೆಯಬೇಕು. ಪ್ರತಿಯೊಂದರ ಕೊನೆಗೆ ಪುಟ್ಟ ಪರೀಕ್ಷೆ ಇಡಬೇಕು. ಅದರ ಅಂಕ ಶಿಕ್ಷೆಗಲ್ಲ, ಮಗು ಎಲ್ಲಿ ತೊಡರಿತೆಂದು ಅರಿಯಲು. ತೊಡರಿದವರಿಗೆ ಬೇರೊಂದು ಬಗೆಯಲ್ಲಿ ಕಲಿಸಿ ಮತ್ತೆ ಪರೀಕ್ಷಿಸಬೇಕು. ಹೀಗೆ ಸಾಕಷ್ಟು ಕಾಲವೂ ನೆರವೂ ದೊರೆತರೆ ಬಹುಪಾಲು ಮಕ್ಕಳು ಕಲಿಯಬಲ್ಲರೆಂದು ಅವರು ವಾದಿಸಿದರು. ಲೆಕ್ಕ ಗೊತ್ತಿದ್ದೂ ಪ್ರಶ್ನೆಯ ಭಾಷೆ ಅರ್ಥವಾಗದೆ ಸೋತ ಮಗುವನ್ನು ಕಂಡ ಗಡಿನಾಡಿನ ತಾಯಂದಿರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಷೇಪಗಳೂ ಬಂದವು. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದುಳಿದವರಿಗೆ ಕೊಡುವ ಕಾಲ ಎಲ್ಲಿಂದ ಬರಬೇಕು? ಒಬ್ಬೊಬ್ಬರಿಗೇ ಕಲಿಸಿದರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲು ತರಗತಿಯ ನೂರಕ್ಕೆ ತೊಂಬತ್ತೆಂಟು ಮಂದಿಯನ್ನು ಮೀರುತ್ತಾನೆಂದು ಬ್ಲೂಮ್ 1984ರಲ್ಲಿ ಬರೆದರು. ಅಷ್ಟು ದೊಡ್ಡ ಲಾಭ ಅನಂತರದ ಬಹುತೇಕ ಅಧ್ಯಯನಗಳಲ್ಲಿ ಕಾಣಲಿಲ್ಲ. ಈ ಅಂಕಿಯನ್ನು ಅವರ ಉತ್ಸಾಹದ ಲೆಕ್ಕಕ್ಕೆ ಸೇರಿಸುವುದೇ ಲೇಸು.

1985ರಲ್ಲಿ ಹೊರಬಂದ ಇನ್ನೊಂದು ಅಧ್ಯಯನದಲ್ಲಿ ಅವರ ತಂಡ ಪಿಯಾನೋ ವಾದಕರು, ಈಜುಗಾರರು, ಗಣಿತಜ್ಞರು ಮೊದಲಾದ ಸುಮಾರು 120 ಪ್ರತಿಭಾವಂತರ ಬಾಲ್ಯವನ್ನು ಕೆದಕಿತು. ಎಳವೆಯಲ್ಲೇ ಅದ್ಭುತವೆನಿಸಿಕೊಂಡವರು ಅವರಲ್ಲಿ ಕೆಲವರೇ. ಹೆಚ್ಚಿನವರ ಹಿಂದೆ ಇದ್ದುದು ಮಕ್ಕಳ ಆಸಕ್ತಿಗೆ ಹೊತ್ತು ಕೊಟ್ಟ ಮನೆ, ಅಕ್ಕರೆಯಿಂದ ಕಲಿಸಿದ ಮೊದಲ ಗುರು, ವರ್ಷಗಟ್ಟಲೆಯ ಅಭ್ಯಾಸ. ಬ್ಲೂಮ್ 1999ರಲ್ಲಿ ತೀರಿಕೊಂಡರು.