ಜಾಲತಾಣದ ಬೀಗದ ಕೈ ಯಾರ ಬಳಿ?

ದರಪಟ್ಟಿಯ ಒಂದು ಅಂಕಿಯನ್ನು ತಿದ್ದಲು ಜಾಲತಾಣ ರೂಪಿಸಿದವರ ದಾರಿ ಕಾಯುವುದು ಅನೇಕ ವರ್ತಕರಿಗೆ ಪರಿಚಿತವಾದ ಕಷ್ಟ. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಮೊದಲಾದ ಮುಕ್ತ ಆಕರದ ವಿಷಯ ನಿರ್ವಹಣಾ ತಂತ್ರಾಂಶಗಳಲ್ಲಿ ಬರಹ, ದರಗಳು ಡೇಟಾಬೇಸ್‌ನಲ್ಲಿದ್ದು, ಪುಟವಿನ್ಯಾಸ ಪ್ರತ್ಯೇಕವಾಗಿರುತ್ತದೆ. ಆದುದರಿಂದ ಬೆರಳಚ್ಚು ಬಲ್ಲ ಗುಮಾಸ್ತರೇ ದರವನ್ನು ಬದಲಿಸಬಹುದು.

ಪರವಾನಗಿ ಶುಲ್ಕವಿಲ್ಲವೆಂಬುದಕ್ಕಿಂತ ಮಿಗಿಲಾದ ಅನುಕೂಲವೊಂದಿದೆ. 2005ರಲ್ಲಿ ಮ್ಯಾಂಬೊ ಎಂಬ ತಂತ್ರಾಂಶದ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯ ತಲೆದೋರಿ, ಅದರ ಪ್ರಮುಖ ರಚನಕಾರರು ಹೊರಬಂದರು. ಅದು ಜಿಪಿಎಲ್ ಪರವಾನಗಿಯಡಿ ಇದ್ದುದರಿಂದ ಅದೇ ಮೂಲಸಂಕೇತವನ್ನು ಜೂಮ್ಲಾ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಲು ಸಾಧ್ಯವಾಯಿತು. ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಸ್ವಾಹಿಲಿ ಪದ ಈ ಹೆಸರಿನ ಮೂಲ; ಆ ಭಾಷೆಯಲ್ಲಿ ಸಗಟು ವ್ಯಾಪಾರಕ್ಕೂ ಅದೇ ಪದವೆಂಬುದು ವರ್ತಕರಿಗೆ ಸ್ವಾರಸ್ಯವೆನಿಸೀತು.

ಆದರೆ ಉಚಿತವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಗಂಭೀರ ದೋಷವೊಂದು ತಿದ್ದುಪಡಿಯೊಡನೆಯೇ ಪ್ರಕಟವಾಯಿತು. 7 ಗಂಟೆಗಳೊಳಗೆ ಅದನ್ನು ಅಳವಡಿಸಿಕೊಳ್ಳದ ತಾಣಗಳು ದಾಳಿಗೆ ತುತ್ತಾಗಿವೆಯೆಂದೇ ಭಾವಿಸಬೇಕೆಂದು ಡ್ರೂಪಲ್‌ನ ಸುರಕ್ಷತಾ ತಂಡವೇ ಅಕ್ಟೋಬರ್ 29ರಂದು ಎಚ್ಚರಿಸಿತು. ತಾಣ ಸಿದ್ಧಪಡಿಸಿದವರು ಹಣ ಪಡೆದು ತೆರಳಿದ ಮೇಲೆ ಇಂತಹ ತಿದ್ದುಪಡಿಯ ಹೊಣೆ ಯಾರದು? ಕಾರ್ಯಾದೇಶದಲ್ಲಿಯೇ ಹೊಣೆಗಾರರನ್ನೂ ವಾರ್ಷಿಕ ನಿರ್ವಹಣಾ ಮೊತ್ತವನ್ನೂ ನಮೂದಿಸುವುದು ಒಳಿತು. ಡೊಮೇನ್ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ನಿರ್ವಾಹಕ ಖಾತೆಯ ಗುಪ್ತಪದವೂ ಡೇಟಾಬೇಸ್ ಸಹಿತ ಸಮಸ್ತ ಕಡತಗಳ ಪ್ರತಿಯೂ ಮಾಲೀಕರ ವಶದಲ್ಲಿರಬೇಕು. ಕೊನೆಯ ಕಂತನ್ನು ಪಾವತಿಸುವ ಮುನ್ನ, ಆ ಪ್ರತಿಯಿಂದಲೇ ತಾಣವನ್ನು ಬೇರೊಂದು ಸರ್ವರ್‌ನಲ್ಲಿ ಮರುಸ್ಥಾಪಿಸಿ ತೋರಿಸುವಂತೆ ಕೇಳಬಹುದು.