ಬಿಸಿಲು ಉಣ್ಣುವ ಎಲೆಗೆ ಬಿಸಿಲೇ ಪೆಟ್ಟು

ಒಂದು ಹಿಡಿ ಪಾಲಕ್ ಸೊಪ್ಪನ್ನು ಅರೆದು, ಒಲೆಯಿಂದ ದೂರವಿಟ್ಟುಕೊಂಡು ಸ್ಪಿರಿಟ್‌ನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿದರೆ ಕಡುಹಸಿರು ದ್ರಾವಣ ಸಿಗುತ್ತದೆ. ಅದನ್ನು ಗಾಜಿನ ಲೋಟಕ್ಕೆ ಸುರಿದು, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ಯುವಿ ಟಾರ್ಚನ್ನು ಹಿಡಿಯಬೇಕು. ಹಸಿರಾಗಿದ್ದ ದ್ರಾವಣ ಕಡುಗೆಂಪಾಗಿ ಹೊಳೆಯುತ್ತದೆ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1834ರಲ್ಲೇ ಎಲೆಯ ರಸದ ಈ ಕೆಂಪನ್ನು ಗುರುತಿಸಿದ್ದರು. ಅರೆಯದ ಎಲೆಗೆ ಅದೇ ಟಾರ್ಚು ಬಿಟ್ಟರೆ ಕೆಂಪು ಕಂಡೂ ಕಾಣದಷ್ಟು ಮಂಕು.

ಕಾರಣ ಸರಳ. ಎಲೆಯ ಹಸಿರು ವರ್ಣಕವಾದ ಕ್ಲೋರೊಫಿಲ್ ಬೆಳಕನ್ನು ಹೀರಿಕೊಂಡ ಕೂಡಲೇ ಆ ಶಕ್ತಿಯನ್ನು ಯಾರಿಗಾದರೂ ದಾಟಿಸಬೇಕು. ಲೋಟದೊಳಗೆ ದಾಟಿಸಿಕೊಳ್ಳುವವರಿಲ್ಲ; ಹಾಗಾಗಿ ಒಂದಷ್ಟು ಶಕ್ತಿ ಕೆಂಪು ಬೆಳಕಾಗಿ ಹೊರಬೀಳುತ್ತದೆ. ಎಲೆಯೊಳಗೆ ವ್ಯವಸ್ಥೆ ಎಷ್ಟು ಬಿಗಿಯಾಗಿದೆಯೆಂದರೆ, ನೂರು ಪಾಲಿನಲ್ಲಿ ಹೀಗೆ ಸೋರುವುದು ಒಂದೆರಡು ಪಾಲು ಮಾತ್ರ. ಶಾಲೆಯ ಪಠ್ಯ ಉಳಿದದ್ದೆಲ್ಲ ಸಕ್ಕರೆಯಾಗುತ್ತದೆ ಎಂಬಂತೆ ಹೇಳಿ ಮುಗಿಸುತ್ತದೆ. ನಡುಹಗಲಿನ ಬಯಲಿನಲ್ಲಿ ನಡೆಯುವುದೇ ಬೇರೆ. ಅಲ್ಲಿ ಎಲೆಯ ಕಷ್ಟ ಬೆಳಕಿನ ಕೊರತೆಯದ್ದಲ್ಲ, ಹೆಚ್ಚಳದ್ದು.

ಬೆಳಕು ಹಿಡಿಯುವ ಏರ್ಪಾಟನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ರಾಬರ್ಟ್ ಎಮರ್ಸನ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಆರ್ನಾಲ್ಡ್. 1932ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕ್ಲೋರೆಲ್ಲ ಎಂಬ ಪಾಚಿಯ ಮೇಲೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಅವಧಿಯ ಬೆಳಕಿನ ಮಿಂಚುಗಳನ್ನು ಹಾಯಿಸಿದರು. ಪ್ರತಿ ಕ್ಲೋರೊಫಿಲ್ ಅಣುವೂ ಸ್ವತಂತ್ರವಾಗಿ ದುಡಿಯುತ್ತದೆ ಎಂಬುದು ಆಗಿನ ನಂಬಿಕೆ. ಬಂದ ಉತ್ತರ ಅದಕ್ಕೆ ಪೂರಾ ಉಲ್ಟಾ. ಒಂದು ಮಿಂಚಿಗೆ ಒಂದು ಆಕ್ಸಿಜನ್ ಅಣು ಹೊರಬರಲು ಸುಮಾರು 2,500 ಕ್ಲೋರೊಫಿಲ್ ಅಣುಗಳು ಬೇಕಾಗಿದ್ದವು. ಅಂದರೆ ನೂರಾರು ಅಣುಗಳು ಬೆಳಕನ್ನು ಹಿಡಿದುಕೊಡುತ್ತವೆ, ನಿಜವಾದ ರಸಾಯನಕ್ರಿಯೆ ನಡೆಯುವುದು ಬೆರಳೆಣಿಕೆಯ ಅಣುಗಳಲ್ಲಿ. ಹಿಡಿದುಕೊಡುವ ಗುಂಪನ್ನು ಈಗ ಆಂಟೆನಾ ಎನ್ನುತ್ತಾರೆ, ಕೆಲಸ ನಡೆಯುವ ಜಾಗವನ್ನು ಕ್ರಿಯಾಕೇಂದ್ರ. ಶಕ್ತಿ ಒಂದು ಅಣುವಿನಿಂದ ಪಕ್ಕದ ಅಣುವಿಗೆ ಸೆಕೆಂಡಿನ ಲಕ್ಷಕೋಟಿಯ ಒಂದು ಪಾಲಿನ ಆಸುಪಾಸಿನಲ್ಲಿ ಜಿಗಿಯುತ್ತ ಕ್ರಿಯಾಕೇಂದ್ರ ಸೇರುತ್ತದೆ.

ಕ್ರಿಯಾಕೇಂದ್ರಗಳಲ್ಲಿ ಫೋಟೋಸಿಸ್ಟಮ್-2 ಎಂಬುದು ನೀರನ್ನು ಒಡೆಯುತ್ತದೆ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಕ್ಸಿಜನ್ ಪರಮಾಣುಗಳ ಒಂದು ಪುಟ್ಟ ಗಂಟು ಅಲ್ಲಿದೆ. ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಾಮಿಯಾ ಅವರ ತಂಡ 2011ರಲ್ಲಿ ಅದರ ಆಕಾರವನ್ನು ಪರಮಾಣು ಪರಮಾಣುವಾಗಿ ಬಿಡಿಸಿ ತೋರಿಸಿತು. ನಾವು ಉಸಿರಾಡುವ ಆಕ್ಸಿಜನ್ ಹೊರಡುವುದು ಇಂಥ ಗಂಟುಗಳಿಂದಲೇ. ನೀರು ಬಹಳ ಗಟ್ಟಿ ಅಣು. ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಜೀವಜಗತ್ತಿನಲ್ಲೇ ಅತಿ ಪ್ರಬಲವಾದ ಆಕ್ಸಿಡೀಕಾರಕ ಬೇಕು. ಕ್ರಿಯಾಕೇಂದ್ರದ ಕ್ಲೋರೊಫಿಲ್ ಒಂದು ಎಲೆಕ್ಟ್ರಾನ್ ಕಳೆದುಕೊಂಡಾಗ ಅಂಥ ಆಕ್ಸಿಡೀಕಾರಕವಾಗುತ್ತದೆ. ನೀರನ್ನು ಒಡೆಯಬಲ್ಲ ಶಕ್ತಿ ಪಕ್ಕದ ಪ್ರೊಟೀನನ್ನೂ ಒಡೆಯಬಲ್ಲದು. ಎಲೆಯ ಸಂಕಟವೆಲ್ಲ ಇಲ್ಲಿಂದ ಶುರು.

ನೀರಿನಿಂದ ಕಿತ್ತ ಎಲೆಕ್ಟ್ರಾನ್‌ಗಳು ಸಕ್ಕರೆ ತಯಾರಿಯತ್ತ ಹೋಗಬೇಕು; ಮುಂದಿನ ಹಾದಿ ಕಿಕ್ಕಿರಿದಾಗ ಅವು ಸಾಗುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕಿಣ್ವಗಳು ನಿಧಾನದವು. ಭತ್ತ, ಸೋಯಾದಂಥ ಬೆಳೆಗಳ ಎಲೆಗಳಿಗೆ ನಡುಹಗಲ ಬಿಸಿಲಿನ ಅರ್ಧದಷ್ಟೇ ಧಾರಾಳವಾಯಿತು. ನೀರು ಸಾಲದೆ ಎಲೆ ತನ್ನ ಪತ್ರರಂಧ್ರ ಮುಚ್ಚಿಕೊಂಡರಂತೂ ಒಳಗೆ ಇಂಗಾಲದ ಡೈಆಕ್ಸೈಡೂ ಇಲ್ಲ. ಬೆಳಕು ಮಾತ್ರ ಸುರಿಯುತ್ತಲೇ ಇರುತ್ತದೆ. ದಾರಿ ಸಿಗದ ಶಕ್ತಿ ಕ್ಲೋರೊಫಿಲ್‌ನಲ್ಲೇ ತುಸು ಹೊತ್ತು ಉಳಿದರೆ ಅದು ಪಕ್ಕದ ಆಕ್ಸಿಜನ್‌ಗೆ ದಾಟಿ, ಸಿಂಗ್ಲೆಟ್ ಆಕ್ಸಿಜನ್ ಎಂಬ ಉಗ್ರ ರೂಪ ಹುಟ್ಟುತ್ತದೆ. ಸಿಕ್ಕ ಕೊಬ್ಬು, ಪ್ರೊಟೀನು, ವರ್ಣಕ ಯಾವುದನ್ನೂ ಅದು ಬಿಡುವುದಿಲ್ಲ.

ಹೆಚ್ಚು ಪೆಟ್ಟು ತಿನ್ನುವುದು ಫೋಟೋಸಿಸ್ಟಮ್-2ರ ನಡುವೆ ಕೂತ ಡಿ1 ಎಂಬ ಪ್ರೊಟೀನು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಮಾರ್ವಿನ್ ಎಡೆಲ್ಮನ್, ಔತಾರ್ ಮಟ್ಟೂ ಮತ್ತು ಸಂಗಡಿಗರು ನೀರಿನ ಮೇಲೆ ತೇಲುವ ಪುಟಾಣಿ ಡಕ್‌ವೀಡ್ ಸಸ್ಯದಲ್ಲಿ ಈ ಪ್ರೊಟೀನಿನ ವಿಚಿತ್ರ ಬದುಕನ್ನು ಬಿಡಿಸಿಟ್ಟರು. ಫೋಟೋಸಿಸ್ಟಮ್-2 ಕೂತಿರುವ ಪೊರೆಯ ಒಟ್ಟು ಪ್ರೊಟೀನಿನಲ್ಲಿ ಡಿ1ರ ಪಾಲು ತೀರಾ ಚಿಕ್ಕದು. ಆದರೆ ಹೊಸದಾಗಿ ತಯಾರಾಗುವುದರಲ್ಲಿ ಸಿಂಹಪಾಲು ಅದರದೇ. ಬಲವಾದ ಬೆಳಕಿನಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇದ್ದ ಡಿ1ಗಳಲ್ಲಿ ಸುಮಾರು ಅರ್ಧದಷ್ಟು ಒಡೆದು ಹೊಸವು ಬಂದು ಕೂತಿರುತ್ತವೆ.

ಇದು ಹೊರಗೆ ಕಾಣದಿರುವುದು ರಿಪೇರಿ ಅಷ್ಟು ಚುರುಕಾಗಿರುವುದರಿಂದ. ಪ್ರಯೋಗಾಲಯದಲ್ಲಿ ಇದನ್ನು ಸೊಗಸಾಗಿ ಬಯಲುಮಾಡಬಹುದು. ಎಲೆಯ ಜೀವಕೋಶದಲ್ಲಿ ಈ ಕೆಲಸವೆಲ್ಲ ನಡೆಯುವ ಪುಟ್ಟ ಹಸಿರು ಅಂಗ, ಕ್ಲೋರೊಪ್ಲಾಸ್ಟ್, ಒಂದಾನೊಂದು ಕಾಲದ ಬ್ಯಾಕ್ಟೀರಿಯದ ಸಂತತಿ. ಹಾಗಾಗಿ ಬ್ಯಾಕ್ಟೀರಿಯಾ ಬೆಳವಣಿಗೆ ತಡೆಯುವ ಲಿಂಕೊಮೈಸಿನ್ ಎಂಬ ಔಷಧಿ ಕ್ಲೋರೊಪ್ಲಾಸ್ಟಿನ ಪ್ರೊಟೀನು ತಯಾರಿಯನ್ನೂ ನಿಲ್ಲಿಸುತ್ತದೆ. ಒಂದೇ ಗಿಡದ ಎರಡು ಎಲೆ ಕಿತ್ತು, ಒಂದರ ತೊಟ್ಟನ್ನು ಬರೀ ನೀರಿನಲ್ಲಿ, ಇನ್ನೊಂದರ ತೊಟ್ಟನ್ನು ಲಿಂಕೊಮೈಸಿನ್ ಬೆರೆಸಿದ ನೀರಿನಲ್ಲಿ ಇಟ್ಟು ಎರಡಕ್ಕೂ ಬಲವಾದ ಬೆಳಕು ಬಿಡುತ್ತಾರೆ. ನೀರು ಕುಡಿದ ಎಲೆ ಗಂಟೆಗಳ ನಂತರವೂ ಬಹುಪಾಲು ಸರಿಯಾಗಿರುತ್ತದೆ. ಔಷಧಿ ಕುಡಿದ ಎಲೆಯ ಫೋಟೋಸಿಸ್ಟಮ್-2 ಕುಸಿಯುತ್ತ ಹೋಗುತ್ತದೆ. ಪೆಟ್ಟು ಎರಡಕ್ಕೂ ಒಂದೇ. ರಿಪೇರಿ ಮಾತ್ರ ಒಂದಕ್ಕೆ. ಇಂಥ ಪ್ರಯೋಗಗಳಿಂದ ಇನ್ನೊಂದು ಸಂಗತಿಯೂ ಗೊತ್ತಾಯಿತು. ಒಡೆತ ಕಡುಬಿಸಿಲಿನಲ್ಲಿ ಮಾತ್ರವಲ್ಲ, ಮಂದ ಬೆಳಕಿನಲ್ಲೂ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ನಡೆಯುತ್ತಲೇ ಇರುತ್ತದೆ. ಚಳಿ, ಉಪ್ಪು, ಬಿಸಿಯಂಥ ಕಾಟಗಳು ಮುಖ್ಯವಾಗಿ ರಿಪೇರಿಗೇ ಅಡ್ಡ ಬರುತ್ತವೆ ಎಂದು ಜಪಾನಿನ ನೊರಿಯೊ ಮುರಾಟ ಅವರ ಬಳಗ ವಾದಿಸಿದೆ.

ರಿಪೇರಿಗೆ ಮೊದಲೇ ತಪ್ಪಿಸಿಕೊಳ್ಳುವ ದಾರಿಗಳೂ ಗಿಡಕ್ಕಿವೆ. ಬೀನ್ಸ್, ಸೋಯಾ ಗಿಡಗಳು ನೀರಿನ ಕೊರತೆಯಿದ್ದಾಗ ಮಧ್ಯಾಹ್ನ ಎಲೆಗಳನ್ನು ಬಿಸಿಲಿಗೆ ಓರೆಯಾಗಿ ತಿರುಗಿಸುತ್ತವೆ. ಜೀವಕೋಶದೊಳಗೆ ಕ್ಲೋರೊಪ್ಲಾಸ್ಟ್‌ಗಳೇ ಜಾಗ ಬದಲಿಸಿ, ಪಕ್ಕದ ಗೋಡೆಗಳಿಗೆ ಒತ್ತಿಕೊಂಡು ಒಂದರ ನೆರಳಿನಲ್ಲಿ ಒಂದು ನಿಲ್ಲುತ್ತವೆ. ಎಲೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಕಟ್ಟಿ ಬಲವಾದ ಬೆಳಕಿನಲ್ಲಿಟ್ಟು ಪಟ್ಟಿ ತೆಗೆದರೆ, ಮುಚ್ಚಿದ್ದ ಭಾಗ ಕಡುಹಸಿರಾಗಿ, ಉಳಿದದ್ದು ತಿಳಿಹಸಿರಾಗಿ ಕಾಣುವುದು ಈ ಓಡಾಟದಿಂದಲೇ. ಹೀಗೆ ಸರಿಯಲಾರದ ರೂಪಾಂತರಿ ಗಿಡಗಳ ಎಲೆ ಬಲವಾದ ಬೆಳಕಿನಲ್ಲಿ ಬಿಳಚಿ ಸತ್ತುಹೋಗುತ್ತದೆ ಎಂದು ಮಸಾಹಿರೊ ವಾಡಾ ಅವರ ತಂಡ 2002ರಲ್ಲಿ ತೋರಿಸಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಆಂಟೆನಾದಲ್ಲೇ ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಬಿಟ್ಟುಬಿಡುವ ಉಪಾಯ. ಜಲಾಶಯ ಭರ್ತಿಯಾದಾಗ ಕ್ರೆಸ್ಟ್ ಗೇಟ್ ಎತ್ತುವಂತೆ ಇದು. ಬೆಳಕು ಹೆಚ್ಚಾಗುತ್ತಿದ್ದಂತೆ ಪಿಎಸ್‌ಬಿಎಸ್ ಎಂಬ ಪ್ರೊಟೀನು ಎಚ್ಚರಗೊಳ್ಳುತ್ತದೆ. ವಯೊಲಾಕ್ಸಾಂಥಿನ್ ಎಂಬ ಹಳದಿ ವರ್ಣಕ ಕೆಲವೇ ನಿಮಿಷಗಳಲ್ಲಿ ಝಿಯಾಕ್ಸಾಂಥಿನ್ ಆಗಿ ಬದಲಾಗುತ್ತದೆ. ಮೆಕ್ಕೆಜೋಳದ ಕಾಳಿಗೆ ಹಳದಿ ಕೊಡುವ ವರ್ಣಕಗಳಲ್ಲಿ ಇದೂ ಒಂದು. ಗೇಟು ಎತ್ತುವುದು ಬೇಗ, ಇಳಿಸುವುದು ನಿಧಾನ. ಮೋಡವೋ ಮೇಲಿನ ಎಲೆಯೋ ಅಡ್ಡ ಬಂದು ಬೆಳಕು ತಗ್ಗಿದರೂ ಹತ್ತಾರು ನಿಮಿಷ ಶಕ್ತಿ ಪೋಲಾಗುತ್ತಲೇ ಇರುತ್ತದೆ. ಹೀಗೆ ಬೆಳೆಯೊಂದು ಕಳೆದುಕೊಳ್ಳುವ ಗಳಿಕೆ ಶೇ. 7.5ರಿಂದ 30ರವರೆಗೂ ಇರಬಹುದು ಎಂದು ಕಂಪ್ಯೂಟರ್ ಲೆಕ್ಕಾಚಾರಗಳು ಹೇಳುತ್ತವೆ.

ಈ ನಿಧಾನವನ್ನೇ ತಿದ್ದಹೊರಟವರು ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಲಾಂಗ್ ಮತ್ತು ಬರ್ಕ್ಲಿಯ ಕೃಷ್ಣ ನಿಯೋಗಿ ಅವರ ತಂಡಗಳು. ಮೂರು ಜೀನುಗಳನ್ನು ಚುರುಕುಗೊಳಿಸಿದ ತಂಬಾಕು ಗಿಡ ಹೊಲದಲ್ಲಿ ಸುಮಾರು ಶೇ. 15ರಷ್ಟು ಹೆಚ್ಚು ಬೆಳೆಯಿತೆಂದು 2016ರಲ್ಲಿ ವರದಿಯಾಯಿತು. 2022ರಲ್ಲಿ ಸೋಯಾದ ವರದಿ ಬಂತು: ಒಂದು ಹಂಗಾಮಿನಲ್ಲಿ ಇಳುವರಿ ಶೇ. 20ಕ್ಕೂ ಮೀರಿ ಏರಿತು. ಮರು ಹಂಗಾಮಿನಲ್ಲಿ ಗಾಳಿಮಳೆಗೆ ಬೆಳೆ ಮಲಗಿತು, ಲಾಭ ಕಾಣಲಿಲ್ಲ. ಇದೇ ಬದಲಾವಣೆಯನ್ನು ಅರಾಬಿಡೋಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಲ್ಲಿ ಮಾಡಿ ನೋಡಿದವರಿಗೆ ಗಿಡ ಇನ್ನಷ್ಟು ಕುಗ್ಗಿದ್ದೇ ಸಿಕ್ಕಿತು. ಗಿಡದ ಎಚ್ಚರಿಕೆಯನ್ನು ಬರೀ ದಂಡವೆಂದು ತಳ್ಳಿಹಾಕುವಂತಿಲ್ಲ. ಹತ್ತಾರು ಬೆಳೆಗಳಲ್ಲಿ, ಹತ್ತಾರು ಹಂಗಾಮುಗಳಲ್ಲಿ ನೋಡದೆ ರೈತರಿಗೆ ಆಸೆ ಹುಟ್ಟಿಸುವುದು ತಪ್ಪು.

ಎಲೆಯ ಈ ದುರ್ಬಲ ಜಾಗಗಳನ್ನು ಕಳೆನಾಶಕ ತಯಾರಿಸುವವರು ಚೆನ್ನಾಗಿ ಬಲ್ಲರು. ಮೆಕ್ಕೆಜೋಳದ ಹೊಲಕ್ಕೆ ಹೊಡೆಯುವ ಅಟ್ರಾಜಿನ್ ನೇರವಾಗಿ ಡಿ1ಗೇ ಅಂಟಿ ಎಲೆಕ್ಟ್ರಾನ್ ದಾರಿ ಮುಚ್ಚುತ್ತದೆ. ಪ್ಯಾರಾಕ್ವಾಟ್ ಎಲೆಕ್ಟ್ರಾನ್‌ಗಳನ್ನು ಕಸಿದು ಆಕ್ಸಿಜನ್‌ಗೆ ಕೊಡುತ್ತದೆ. ಬಿಸಿಲಿದ್ದರೆ ಕಳೆ ಕೆಲವೇ ಗಂಟೆಗಳಲ್ಲಿ ಸೊರಗತೊಡಗುತ್ತದೆ. ಗಿಡ ತನ್ನ ಬಿಸಿಲಿಗೇ ಬೇಯುವಂತೆ ಮಾಡುವ ಈ ವಿಷ ಮನುಷ್ಯನ ಶ್ವಾಸಕೋಶದಲ್ಲೂ ಅದೇ ಬಗೆಯ ಆಕ್ಸಿಜನ್ ಹಾವಳಿ ಎಬ್ಬಿಸುತ್ತದೆ. ಅದಕ್ಕೆ ಪ್ರತಿವಿಷವಿಲ್ಲ.

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ನೆರಳಿನ ಲೆಕ್ಕಾಚಾರ ದಿನನಿತ್ಯದ ಕೆಲಸ. ಅರೇಬಿಕಾ ಕಾಫಿ ಇಥಿಯೋಪಿಯಾದ ಬೆಟ್ಟದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದುಬಂದ ಗಿಡ. ನೆರಳಿನ ಎಲೆ ಸಿಕ್ಕಷ್ಟು ಬೆಳಕನ್ನೂ ಬಾಚಿಕೊಳ್ಳಲು ದೊಡ್ಡ ಆಂಟೆನಾ ಕಟ್ಟಿಕೊಂಡಿರುತ್ತದೆ. ಏಕಾಏಕಿ ನೆರಳು ತೆಗೆದರೆ ಆ ಆಂಟೆನಾವೇ ಅದಕ್ಕೆ ಮುಳುವು. ಎಲೆ ಹಳದಿಗಟ್ಟಿ ಸುಡುತ್ತದೆ. ಆದ್ದರಿಂದ ಮರಗಸಿ ಮಾಡುವವರು ಕೊಂಬೆಗಳನ್ನು ನೋಡಿ ನೋಡಿ ತೆಗೆಯುತ್ತಾರೆ, ಮಳೆಗಾಲದ ಮೋಡ ಕವಿಯುವ ಹೊತ್ತಿಗೆ ಆ ಕೆಲಸ ಮುಗಿಸುತ್ತಾರೆ. ಕಾಳುಮೆಣಸಿನ ಬಳ್ಳಿಯನ್ನು ಮರದ ಉತ್ತರ ಬದಿಗೆ ನೆಡುವ ರೂಢಿ ದಕ್ಷಿಣದಿಂದ ಓರೆಯಾಗಿ ಬೀಳುವ ಬಿಸಿಲಿಗೆ ಅಂಜಿ. ಅಡಿಕೆಯ ಹಸಿರು ಕಾಂಡಕ್ಕೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಪಡುವಣದ ಇಳಿಬಿಸಿಲಿನ ಸುಡುವಿಕೆಗೆ ಹೆದರಿ. ಎಲೆಯೊಳಗಿನ ವಿಜ್ಞಾನ ಬಿಡಿಸಿಕೊಳ್ಳುವುದಕ್ಕಿಂತ ಎಷ್ಟೋ ಮೊದಲೇ ತೋಟದ ಜನ ಅದರ ಫಲಿತಾಂಶವನ್ನು ಕಣ್ಣಾರೆ ಕಂಡು ಕಲಿತಿದ್ದರು.

ನರ್ಸರಿಯ ಹಸಿರು ಬಲೆಯ ಕೆಳಗೆ ಬೆಳೆದ ಸಸಿಗೂ ಇದೇ ಮಾತು. ತಂದ ದಿನವೇ ತಾರಸಿಯ ಉರಿಬಿಸಿಲಿಗೆ ಇಡಬೇಡಿ. ಮೊದಲ ಕೆಲವು ದಿನ ಬೆಳಗಿನ ಎಳೆಬಿಸಿಲು ಸಾಕು. ಆಮೇಲೆ ಹೊತ್ತು ಹೆಚ್ಚಿಸುತ್ತ ಒಂದು ವಾರ, ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಿ, ನೀರು ತಪ್ಪಿಸಬೇಡಿ. ಅಷ್ಟಾಗಿಯೂ ಕೆಲವು ಎಲೆ ಬಿಳಚಿ ಸುಟ್ಟರೆ ಅವು ಮತ್ತೆ ಹಸಿರಾಗುವುದಿಲ್ಲ. ಆದರೆ ಬಿಸಿಲಿನಲ್ಲೇ ಬಿಚ್ಚಿಕೊಂಡ ಹೊಸ ಎಲೆಗಳು ಚಿಕ್ಕ ಆಂಟೆನಾ, ಹೆಚ್ಚು ಹಳದಿ ವರ್ಣಕಗಳ ಸಮೇತ ಬರುತ್ತವೆ, ತಡೆದುಕೊಳ್ಳುತ್ತವೆ. ಗಿಡ ಹೋಯಿತೆಂದು ಕಿತ್ತೆಸೆಯುವ ಮೊದಲು ಎರಡು ವಾರ ಕಾಯಿರಿ.